ಸಹಾಯ ಬೇಕು: ಬ್ರೇಕ್ ಸಾಮಾನು ಬಹುಪಾಲು ಹೊಸದು, ಆದರೂ ಪೆಡಲ್ ಕೆಳಗಿಳಿಯುತ್ತಿದೆ

ಎಲ್ಲರಿಗೂ ನಮಸ್ಕಾರ. 1960ರ ದಶಕದ ಕಾರೊಂದನ್ನು ಮನೆಯಲ್ಲೇ ಸರಿಮಾಡುತ್ತಿದ್ದೇನೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಸವೆದ ಶೂ (ಡ್ರಮ್ಮಿಗೆ ಒಳಗಿನಿಂದ ಒತ್ತಿ ಚಕ್ರ ನಿಲ್ಲಿಸುವ ಭಾಗ), ಸೋರುತ್ತಿದ್ದ ವೀಲ್ ಸಿಲಿಂಡರ್ (ಶೂಗಳನ್ನು ಹೊರಕ್ಕೆ ತಳ್ಳುವ ಭಾಗ), ಬಿರುಕು ಬಿಟ್ಟ ರಬ್ಬರ್ ಹೋಸ್ ಎಲ್ಲ ಬದಲಾಯಿಸಿದೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್ ಮಾತ್ರ ಹಳೆಯದೇ, ಹೊಸ ರಬ್ಬರ್ ಕಿಟ್ ಹಾಕಿದ್ದೇನೆ.

ಈಗ ಏನಾಗುತ್ತಿದೆ ಅಂದ್ರೆ, ಮೊದಲ ಸಲ ಒತ್ತಿದಾಗ ಪೆಡಲ್ ಅರ್ಧಕ್ಕಿಂತ ಜಾಸ್ತಿ ಕೆಳಗೆ ಹೋಗುತ್ತದೆ, ಎರಡು ಮೂರು ಸಲ ಪಂಪ್ ಮಾಡಿದರೆ ಗಟ್ಟಿಯಾಗುತ್ತದೆ, ಅಬ್ಬಾ ಸರಿಹೋಯ್ತು ಅಂತ ಕಾಲು ಒತ್ತಿ ಹಿಡಿದರೆ ಮೆಲ್ಲಗೆ ಮತ್ತೆ ಇಳಿಯುತ್ತದೆ. ಹೊರಗೆ ಒಂದು ಹನಿಯೂ ಸೋರಿಲ್ಲ. ದೂರದ ಚಕ್ರದಿಂದ ಶುರುಮಾಡಿ ಮೂರು ಸಲ ಬ್ರೇಕ್ ಆಯಿಲಿನೊಳಗಿನ ಗಾಳಿ ತೆಗೆದೆ, ಗುಳ್ಳೆ ಬರುವುದು ನಿಂತಿದೆ. ಶೂ ಎಷ್ಟು ಹತ್ತಿರ ಇರಬೇಕೆಂದು ಹೊಂದಿಸುವ ಅಡ್ಜಸ್ಟರನ್ನು ಡ್ರಮ್ ಹಿಡಿಯುವವರೆಗೆ ಬಿಗಿದು ಸ್ವಲ್ಪ ಸಡಿಲ ಬಿಟ್ಟಿದ್ದೇನೆ.

ಪಂಪ್ ಮಾಡಿದಾಗ ಗಟ್ಟಿಯಾದರೆ ಶೂಗೂ ಡ್ರಮ್ಮಿಗೂ ನಡುವೆ ಜಾಗ ಜಾಸ್ತಿ, ನಿಧಾನಕ್ಕೆ ಇಳಿದರೆ ಮಾಸ್ಟರ್ ಸಿಲಿಂಡರ್ ಒಳಗೇ ಸೀಲ್ ದಾಟಿ ಆಯಿಲ್ ಹಿಂದಕ್ಕೆ ಹೋಗುತ್ತಿದೆ, ಹಾಗೆ ತಾನೇ? ನನಗೆ ಎರಡೂ ಒಟ್ಟಿಗೆ ಕಾಣುತ್ತಿರುವುದೇ ತಲೆನೋವು. ಡ್ರಮ್ಮಿನ ಅಂಚಿನಲ್ಲಿ ಬೆರಳಿಗೆ ಸಿಗುವಷ್ಟು ಏಣು ಇದೆ. ಕಿಟ್ ಹಾಕುವಾಗ ಮಾಸ್ಟರ್ ಸಿಲಿಂಡರಿನ ಬೋರಿನಲ್ಲಿ (ಒಳಕೊಳವೆಯಲ್ಲಿ) ತುಕ್ಕಿನ ಸಣ್ಣ ಗುಳಿಗಳೂ ಕಂಡಿದ್ದವು, ಮರಳುಕಾಗದದಲ್ಲಿ ಉಜ್ಜಿ ಸುಮ್ನೆ ಜೋಡಿಸಿಬಿಟ್ಟೆ (ಸೋಮಾರಿತನ, ಬಯ್ಯಬೇಡಿ).

ಕಾರು ಇನ್ನೂ ಸ್ಟ್ಯಾಂಡ್ ಮೇಲೇ ಇದೆ. ಮಾಡಿ ನೋಡಿದವರು ಹೇಳಿ: ಗುಳಿ ಬಿದ್ದ ಬೋರಿಗೆ ಸ್ಲೀವ್ (ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿಸಿದರೆ ಸಾಕಾ, ಮಾಸ್ಟರ್ ಸಿಲಿಂಡರನ್ನೇ ಪೂರ್ತಿ ಬದಲಾಯಿಸಬೇಕಾ? ಏಣು ತೆಗೆಸಲು ಡ್ರಮ್ ಲೇಥಿಗೆ ಕೊಡುವುದು ಅದಕ್ಕೂ ಮೊದಲಾ, ಆಮೇಲಾ?