ಡೆಲಿವರಿ ಡೇಟೂ ಮಾವನ ಅರವತ್ತೂ

ನಮ್ಮ ದಾವಣಗೆರೆ ಕಡೆ ಒಂದು ಮನೆಯ ಸೊಸೆ ಬಸುರಿ ಅಂತ ಗೊತ್ತಾದರೆ ಸಾಕು, ಆ ಮನೆಯ ಗೋಡೆ ಕ್ಯಾಲೆಂಡರ್ ಇಡೀ ಬೀದಿಯ ಆಸ್ತಿ ಆಗಿಬಿಡುತ್ತದೆ. ಬಂದವರು ಚಪ್ಪಲಿ ಬಿಡುತ್ತಲೇ "ಈಗ ಎಷ್ಟರಲ್ಲಿ?" ಅನ್ನುತ್ತಾರೆ. "ಏಳರಲ್ಲಿ ಬಿತ್ತು" ಅಂದರೆ ಮುಗಿಯಿತು, ಕ್ಯಾಲೆಂಡರ್ ಹಾಳೆ ತಿರುವಿ ಬೆರಳು ಮಡಚುತ್ತಾ ನಿಲ್ಲುತ್ತಾರೆ. ಬಸುರಿಯನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಅವಳಿಗೇನು ಗೊತ್ತು, ಅಲ್ವಾ?

ನಮ್ಮ ಗೆಳೆಯ ನಾಗನ ಮನೆಯ ಕ್ಯಾಲೆಂಡರ್ ನೋಡಬೇಕು ನೀವು. ಅವರಮ್ಮ ಕೆಂಪು ಪೆನ್ನಲ್ಲಿ ಸುತ್ತು ಹಾಕಿ ಹಾಕಿ ಏಪ್ರಿಲ್, ಮೇ ಎರಡೂ ಹಾಳೆಗೆ ಸಿಡುಬು ಎದ್ದಂತಾಗಿದೆ. ಏಪ್ರಿಲ್‌ನಲ್ಲಿ ಅವನ ಹೆಂಡತಿ ಶೈಲಾಳ ಹುಟ್ಟುಹಬ್ಬ. ನಡುವೆ ನಾಗನ ಅಕ್ಕನ ಮಗನ ಜವಳ. ಮೇ 9ಕ್ಕೆ ಗಂಡ ಹೆಂಡತಿ ಮದುವೆ ವಾರ್ಷಿಕೋತ್ಸವ. ಮೇ 31ಕ್ಕೆ ನಾಗನ ಅಪ್ಪ ಸರ್ಕಾರಿ ಕೆಲಸದಿಂದ ನಿವೃತ್ತಿ. ಮಾರನೇ ದಿನ, ಜೂನ್ 1ಕ್ಕೆ, ಅಪ್ಪನಿಗೆ ಅರವತ್ತು ತುಂಬುತ್ತದೆ, ಶಾಂತಿ ಮಾಡಲೇಬೇಕು ಅಂತ ಅಕ್ಕ-ಭಾವನ ಹಟ. ಇಷ್ಟು ಸಾಲದು ಅಂತ ಡಾಕ್ಟರು ತಾಯಿ ಕಾರ್ಡಿನಲ್ಲಿ ಬರೆದುಕೊಟ್ಟ ಡೆಲಿವರಿ ತಾರೀಖು ಯಾವುದು ಗೊತ್ತಾ? ಅದೇ ಜೂನ್ 1.

ಈ ವಿಷಯ ಚರ್ಚೆಗೆ ಬಂದದ್ದು ನಾಗನ ಮನೆ ಮಾಳಿಗೆ ಮೇಲೆ. ಪೇಪರ್ ಹರಡಿ ಮಧ್ಯಕ್ಕೆ ಮಂಡಕ್ಕಿ ಸುರಿದಿದ್ದೆವು, ಪಕ್ಕಕ್ಕೆ ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ. ಇದ್ದವರು ನಾನು, ಹೈಸ್ಕೂಲ್ ಮೇಷ್ಟ್ರು, ಮೆಡಿಕಲ್ ಶಾಪ್ ಇಟ್ಟಿರುವ ಮಲ್ಲ, ಮತ್ತೆ ಎದುರು ಮನೆಯ ಸಾವಿತ್ರಕ್ಕ. ಸಾವಿತ್ರಕ್ಕ ಆಶಾ ಕಾರ್ಯಕರ್ತೆ. ಬಂದದ್ದು ಕಬ್ಬಿಣದ ಮಾತ್ರೆ ನುಂಗಿದ್ದಾಳೋ ಇಲ್ಲವೋ ಎಣಿಸುವುದಕ್ಕೆ, ಕೂತದ್ದು ಮಂಡಕ್ಕಿಗೆ. ಶೈಲಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಇನ್ನೊಂದು ಕುರ್ಚಿ ಮೇಲೆ ಕಾಲು ಚಾಚಿಕೊಂಡಿದ್ದಳು.

"ತಂಗೀ, ಮೆಣಸಿನಕಾಯಿ ಬೇಡ, ಎದೆ ಉರಿ ಬರುತ್ತೆ" ಅಂದ ಮಲ್ಲ.

"ಬಂದರೆ ನಿಮ್ಮ ಅಂಗಡಿಗೇ ವ್ಯಾಪಾರ ಅಲ್ವಾ ಅಣ್ಣ" ಅಂತ ಶೈಲಾ ಒಂದನ್ನು ಮುರಿದು ಬೀಜ ತೆಗೆದು ಬಾಯಿಗೆ ಹಾಕಿಕೊಂಡಳು.

ಮೊದಲು ಕುಬಸದ, ಅಂದರೆ ಸೀಮಂತದ, ವಿಷಯ ಬಂತು. ಐದರಲ್ಲಿ ಆಗಲಿಲ್ಲ, ಆರು ಸಮ ಸಂಖ್ಯೆ, ನಡೆಯುವುದಿಲ್ಲ. ಈಗ ಏಳರಲ್ಲಿ ಮಾಡದಿದ್ದರೆ ಒಂಬತ್ತರಲ್ಲಿ. ಚಳ್ಳಕೆರೆಯ ತವರು ಮನೆಯವರು ಬುತ್ತಿ ಕಟ್ಟಿಕೊಂಡು ಬರುತ್ತೇವೆ, ಕುಬಸ ಮುಗಿಸಿ ಮಗಳನ್ನು ಕರೆದುಕೊಂಡು ಹೋಗುತ್ತೇವೆ, ಚೊಚ್ಚಲು ಹೆರಿಗೆ ನಮ್ಮದು ಅಂತ ಕೂತಿದ್ದಾರೆ. ನಾಗನ ಅಮ್ಮನದು ಬೇರೆ ರಾಗ. ಮಾವನಿಗೆ ಅರವತ್ತು ತುಂಬುವ ದಿನ ಸೊಸೆ ಊರಲ್ಲೇ ಇಲ್ಲ ಅಂದರೆ ಬೀಗರ ಮುಂದೆ ಮುಖ ಎಲ್ಲಿಡಲಿ ಅಂತ. ಭಾವ ಅಂತೂ ಲೆಕ್ಕದ ಮನುಷ್ಯ. ಫೋನಲ್ಲೇ ಪರಿಹಾರ ಕೊಟ್ಟಿದ್ದಾನೆ: ಜೂನ್ 1 ಸೋಮವಾರ, ಒಳ್ಳೆ ದಿನ, ಒಂದೇ ಕಲ್ಯಾಣ ಮಂಟಪ, ಬೆಳಿಗ್ಗೆ ಅರವತ್ತರ ಶಾಂತಿ, ಮಧ್ಯಾಹ್ನ ಕುಬಸ, ಸಂಜೆ ನಿವೃತ್ತಿ ಸನ್ಮಾನ, ಅಡುಗೆ ಭಟ್ಟರಿಗೆ ಒಂದೇ ಅಡ್ವಾನ್ಸ್.

"ಡೆಲಿವರಿ?" ಅಂತ ಕೇಳಿದ್ದಕ್ಕೆ "ಮಂಟಪದ ಹಿಂದೇನೇ ಆಸ್ಪತ್ರೆ ಇದೆ" ಅಂದನಂತೆ.

ಕುಬಸ ಅಂದರೆ ಗಂಡಸರಿಗೆ ಊಟ. ಕೂತವಳ ಕಥೆ ಬೇರೆ. ಹಸಿರು ಸೀರೆ ಉಡಿಸಿ, ಮೊಣಕೈವರೆಗೂ ಹಸಿರು ಬಳೆ ಇಡಿಸಿ, ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು ಸುರಿದು, ಆ ಭಾರ ಹೊಟ್ಟೆ ಭಾರದ ಮೇಲೆ ಇಟ್ಟುಕೊಂಡು ಅಲುಗಾಡದೆ ಕೂರಬೇಕು. ಮೇಲೆ ಬಂದವರೆಲ್ಲ ಕೆನ್ನೆಗೆ ಅರಿಶಿನ ಹಚ್ಚಿ ಬಾಯಿಗೊಂದು ತುತ್ತು ಇಡುತ್ತಾರೆ. ಒಬ್ಬರದು ಶೇಂಗಾ ಹೋಳಿಗೆ, ಇನ್ನೊಬ್ಬರದು ಕರ್ಜಿಕಾಯಿ, ಮತ್ತೊಬ್ಬರದು ಎಣ್ಣೆಗಾಯಿ ಸಮೇತ ಸಜ್ಜೆ ರೊಟ್ಟಿ.

"ಮೊನ್ನೆ ತಾನೇ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆ ಬೆಂಚ್ ಮೇಲೆ ಕೂರಿಸಿ ರಕ್ತ ತೆಗೆದರು" ಅಂದಳು ಶೈಲಾ. "140ರ ಒಳಗೆ ಬಂತು, ಬಚಾವ್. ಅದೇ ಟೆಸ್ಟನ್ನು ಕುಬಸದ ಸಂಜೆ ಮಾಡಿದರೆ ಮೆಷಿನ್ನೇ ಕೈ ಮುಗಿಯುತ್ತೆ."

ನಾಗ ಸುಮ್ನೆ ಗಡ್ಡ ಕೆರೆದುಕೊಳ್ಳುತ್ತಾ ಕೂತಿದ್ದ. ಹೆಂಡತಿ ಬಸುರಿ ಆದಾಗ ಗಂಡ ಕ್ಷೌರ ಮಾಡಿಸಬಾರದು, ತೆಂಗಿನಕಾಯಿ ಒಡೆಯಬಾರದು, ಹೆಣ ಹೊರಬಾರದು ಅಂತ ಅವರಮ್ಮನ ಕಟ್ಟಪ್ಪಣೆ. ಹೆಣ ಹೊರದೇ ಇರುವುದು ಕಷ್ಟ ಏನಲ್ಲ. ಗಡ್ಡದ್ದೇ ಸಮಸ್ಯೆ. ಆಫೀಸಿನಲ್ಲಿ ಮ್ಯಾನೇಜರ್ "ಏನ್ರೀ, ಮನೇಲಿ ಎಲ್ಲಾ ಆರಾಮಾ?" ಅಂತ ಮೆತ್ತಗೆ ಕೇಳುತ್ತಿದ್ದಾರಂತೆ. "ಹಿಂಗೇ ಬಿಟ್ಟರೆ ಅಪ್ಪನ ಶಾಂತಿ ದಿನ ನೀನು ಮಂಟಪದ ಬಾಗಿಲಲ್ಲಿ ನಿಲ್ಲಬೇಡ ಮಾರಾಯ" ಅಂದರು ಮೇಷ್ಟ್ರು, "ಬಂದವರು ನಿನ್ನ ಕಾಲಿಗೇ ಬಿದ್ದು ಕಾಣಿಕೆ ಹಾಕಿ ಊಟಕ್ಕೆ ಹೋಗುತ್ತಾರೆ."

ಏಪ್ರಿಲ್‌ನ ಹುಟ್ಟುಹಬ್ಬಕ್ಕೂ ಒಂದು ಯೋಜನೆ ಬಂದಿತ್ತು, ಬೆಂಗಳೂರಿನ ಚಿಕ್ಕಪ್ಪನ ಮಗನಿಂದ. ಅವನು ಫೋನಲ್ಲಿ ರೀಲ್ಸ್ ನೋಡಿ ಕೆಟ್ಟವನು. ಕೇಕ್ ಕತ್ತರಿಸಿದರೆ ಒಳಗೆ ಗುಲಾಬಿ ಬಣ್ಣ ಇದ್ದರೆ ಹೆಣ್ಣು, ನೀಲಿ ಇದ್ದರೆ ಗಂಡು, ಹೊರದೇಶದಲ್ಲಿ ಎಲ್ಲಾ ಮಾಡುತ್ತಾರೆ, ನಾವೂ ಮಾಡೋಣ ಅಂದನಂತೆ. ಮೇಷ್ಟ್ರು ಮಂಡಕ್ಕಿ ಕೈಬಿಟ್ಟು ನೆಟ್ಟಗೆ ಕೂತರು.

"ಅವನಿಗೆ ಹೇಳು, 1994ರ ಕಾನೂನು ಇದೆ. ಹೊಟ್ಟೆಯಲ್ಲಿರೋದು ಏನು ಅಂತ ಹೇಳಿದ ಡಾಕ್ಟರೂ ಒಳಗೆ, ಕೇಳಿದ ನೀವೂ ಒಳಗೆ. ಕೇಳಿದವರಿಗೆ ಮೂರು ವರ್ಷದವರೆಗೆ ಜೈಲು, ಐವತ್ತು ಸಾವಿರದವರೆಗೆ ದಂಡ. ಪ್ರತಿ ಸ್ಕ್ಯಾನಿಂಗ್ ಸೆಂಟರಲ್ಲೂ ಬೋರ್ಡ್ ಹಾಕಿದ್ದಾರಲ್ಲ, ಅದು ಗೋಡೆ ಅಲಂಕಾರಕ್ಕಲ್ಲ."

"ಒಂದು ಕೇಜಿ ಕೇಕಿಗೆ ಐವತ್ತು ಸಾವಿರ" ಅಂತ ಮಲ್ಲ ಲೆಕ್ಕ ಹಾಕಿದ. "ಅದಕ್ಕಿಂತ ಬೆಣ್ಣೆ ದೋಸೆ ತಿನ್ನಿಸಿದರೆ ಬೀದಿಗೆಲ್ಲಾ ಆಗುತ್ತೆ."

ಶೈಲಾ ಕೈ ಎತ್ತಿದಳು. "ನನ್ನ ಹುಟ್ಟುಹಬ್ಬಕ್ಕೆ ಅದೇ ಬೇಕು. ದೋಸೆ. ಬೆಣ್ಣೆ ಮೇಲೆ ಬೆಣ್ಣೆ. ಮನೆಗೆ ಕಟ್ಟಿಸಿಕೊಂಡು ಬರಬೇಡಿ, ಮೆತ್ತಗಾಗುತ್ತೆ. ನಾನೇ ಹೋಗಿ ಕಾವಲಿ ಪಕ್ಕ ಕೂರುತ್ತೇನೆ." ಇಡೀ ಸಂಜೆ ಅವಳಿಗೆ ಏನು ಬೇಕು ಅಂತ ಗೊತ್ತಾದದ್ದು ಅದೇ ಮೊದಲು. ನಾಗ ಮೊಬೈಲ್ ತೆಗೆದು ಬರೆದುಕೊಂಡ, ಮರೆಯುವ ಆಸಾಮಿ ಅವನು.

ಫೋಟೋ ಶೂಟ್ ವಿಷಯ ಎತ್ತಿದ್ದು ನಾನೇ. ನಮ್ಮ ಊರಲ್ಲೇ ಗಾಜಿನ ಮನೆ ಇದೆ, ಅಲ್ಲಿ ಹೂವಿನ ಮಧ್ಯೆ ನಿಲ್ಲಿಸಿ ತೆಗೆಸಿ ಅಂದೆ. ಮಲ್ಲನಿಗೆ ಅದು ಸಾಲದು. ಚಿತ್ರದುರ್ಗದ ಕೋಟೆಗೆ ಹೋಗಿ, ಒನಕೆ ಓಬವ್ವನ ಕಿಂಡಿ ಹತ್ತಿರ ಹಸಿರು ಸೀರೆ ಉಟ್ಟು ಒನಕೆ ಹಿಡಿದು ನಿಂತರೆ ಫೋಟೋ ಅಂದರೆ ಅದು ಅಂದ.

"ಅಣ್ಣಾ, ಹೈದರಾಲಿ ಸೈನಿಕರೇ ಒಬ್ಬೊಬ್ಬರಾಗಿ ನುಸುಳಿ ಬಂದ ಕಿಂಡಿ ಅದು" ಅಂದಳು ಶೈಲಾ. "ಏಳು ತಿಂಗಳ ಹೊಟ್ಟೆ ಹೊತ್ತು ನಾನು ಒಳಗೆ ಹೋದರೆ ಹಿಂದಿನಿಂದ ನೀವು ತಳ್ಳಬೇಕು, ಮುಂದಿನಿಂದ ಇವರು ಎಳೆಯಬೇಕು. ಆಮೇಲೆ ಟಿವಿಯವರೇ ಬಂದು ಫೋಟೋ ತೆಗೆಯುತ್ತಾರೆ."

ಮೇ 9ರ ವಾರ್ಷಿಕೋತ್ಸವಕ್ಕೆ ನಾಗ ಒಂದು ಹೋಟೆಲ್‌ನಲ್ಲಿ ಟೇಬಲ್ ಹೇಳಿಬಿಟ್ಟಿದ್ದ, ಗುಟ್ಟಾಗಿ. ಸಾವಿತ್ರಕ್ಕನ ಮುಂದೆ ಗುಟ್ಟು ನಿಲ್ಲುತ್ತದಾ? "ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ. ನಾನೇ ಕರೆದುಕೊಂಡು ಹೋಗಬೇಕು, ನನಗೆ ಲೆಕ್ಕ ಕೊಡಬೇಕು. ಬೆಳಿಗ್ಗೆ ಖಾಲಿ ಮಾಡ್ಕೊಳ್ಳಿ." ಹೀಗೆ ಗಂಡ ಹೆಂಡತಿ ಮದುವೆ ಆದ ದಿನವನ್ನು ಬಿಪಿ ನೋಡಿಸುವ ಸಾಲಿನಲ್ಲಿ ಕೈ ಕೈ ಹಿಡಿದು ಆಚರಿಸುವುದು ಅಂತ ತೀರ್ಮಾನ ಆಯಿತು.

ಜವಳದ ಬಗ್ಗೆ ಜಾಸ್ತಿ ಮಾತಾಗಲಿಲ್ಲ. ಆ ಮಗುವಿನ ತಲೆ, ಆ ಮಗುವಿನ ಅಪ್ಪನ ಖರ್ಚು.

ಕೊನೆಗೆ ಎಲ್ಲರೂ ಬಂದು ಬಿದ್ದದ್ದು ಜೂನ್ 1ರ ಮೇಲೆ. ಬೀಗರ ಕಡೆಯ ಅತ್ತೆಯೊಬ್ಬರು ಅದಕ್ಕೂ ದಾರಿ ತೋರಿಸಿದ್ದರಂತೆ: ಹೇಗೂ ಈಗ ಆಪರೇಷನ್ ಮಾಡುತ್ತಾರಲ್ಲ, ಐನೋರ ಹತ್ತಿರ ಮುಹೂರ್ತ ಕೇಳಿ ಮೇ 20ಕ್ಕೆಲ್ಲ ತೆಗೆಸಿಬಿಡಿ, ಶಾಂತಿಗೆ ಕೂಸೂ ಬರುತ್ತೆ.

ಸಾವಿತ್ರಕ್ಕನಿಗೆ ಸಿಟ್ಟು ನೆತ್ತಿಗೇರಿತು. "ಕೂಸು ಅಂದರೆ ಏನು, ಮಂಟಪಕ್ಕೆ ತರುವ ಬಾಳೆಗೊನೆನಾ, ಬೇಕಾದ ದಿನ ಕೊಯ್ಯೋಕೆ? ಸುಮ್ಮಸುಮ್ಮನೆ ಆಪರೇಷನ್ ಅಂದರೂ 39 ವಾರ ತುಂಬೋವರೆಗೆ ಒಳ್ಳೆ ಡಾಕ್ಟರು ಮುಟ್ಟಲ್ಲ. ಅಷ್ಟಕ್ಕೂ ಈ ಜೂನ್ 1 ಅನ್ನೋದು ಏನು ಅಂತ ತಿಳಿದಿದ್ದೀರಿ? ಕೊನೇ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿದ್ದು, ಅಷ್ಟೇ. ಸರಿಯಾಗಿ ಬರೆದ ದಿನವೇ ಹುಟ್ಟೋ ಕೂಸು ನೂರಕ್ಕೆ ನಾಲ್ಕೋ ಐದೋ. ಎರಡು ವಾರ ಹಿಂದೆ ಮುಂದೆ ಅಂತ ಇಟ್ಟುಕೊಂಡು ಕೂರಬೇಕು."

"ಅಂದರೆ ಜೂನ್ 1 ಅನ್ನೋದೇ ಡೌಟು" ಅಂದೆ ನಾನು.

"ಎರಡು ಕಡೆಯಿಂದಲೂ ಡೌಟು" ಅಂದರು ಮೇಷ್ಟ್ರು, ನಗುತ್ತಾ.

ಅವರು ಹೇಳಿದ್ದು ಸರಿ. ಈ ರಾಜ್ಯದಲ್ಲಿ ಒಂದು ವಯಸ್ಸು ದಾಟಿದವರ ಹುಟ್ಟಿದ ತಾರೀಖು ಕೇಳಿ ನೋಡಿ, ಬಹಳ ಜನರದ್ದು ಜೂನ್ 1. ಅಷ್ಟೂ ಜನರನ್ನು ಅದೇ ದಿನ ಯಾರೂ ಹೆರಲಿಲ್ಲ, ಹೆಡ್ ಮಾಸ್ತರರು ಹೆತ್ತದ್ದು. ಜೂನ್‌ನಲ್ಲಿ ಶಾಲೆ ಶುರು, ಅಪ್ಪ ಹುಡುಗನ ಕೈ ಹಿಡಿದು ಎಳೆದುಕೊಂಡು ಬಂದು ನಿಲ್ಲಿಸುತ್ತಿದ್ದ, ಹುಟ್ಟಿದ್ದು ಯಾವಾಗ ಅಂದರೆ ಆಕಾಶ ನೋಡುತ್ತಿದ್ದ, ಮಾಸ್ತರು ದಾಖಲಾತಿಗೆ ವಯಸ್ಸು ಹೊಂದುವ ಹಾಗೆ ಒಂದು ಇಸವಿ ಹಾಕಿ ಮುಂದೆ ಜೂನ್ 1 ಅಂತ ಬರೆಯುತ್ತಿದ್ದರು. ನಾಗನ ಅಪ್ಪ ಜಗಳೂರು ಕಡೆಯ ಹಳ್ಳಿಯವರು. ಅವರ ಸರ್ಟಿಫಿಕೇಟಿನಲ್ಲಿ 1966ರ ಜೂನ್ 1, ಚಿತ್ರದುರ್ಗ ಜಿಲ್ಲೆ. ಆಗ ದಾವಣಗೆರೆ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ. ಅದು ಹುಟ್ಟಿದ್ದು 1997ರ ಆಗಸ್ಟ್ 15ಕ್ಕೆ. ಜಿಲ್ಲೆಗಾದರೂ ಪಕ್ಕಾ ತಾರೀಖಿದೆ, ನಮ್ಮ ಅಪ್ಪಂದಿರಿಗಿಲ್ಲ.

"ಈಗ ಹುಟ್ಟೋ ಕೂಸಿಗೆ ನಾನು ಬಯಸಿದರೂ ಜೂನ್ 1 ಬರೆಯೋಕಾಗಲ್ಲ" ಅಂದರು ಮೇಷ್ಟ್ರು, ಸ್ವಲ್ಪ ಬೇಜಾರಿನಲ್ಲೇ. "21 ದಿನದೊಳಗೆ ಜನನ ನೋಂದಣಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೂ ಅದೇ, ಡ್ರೈವಿಂಗ್ ಲೈಸೆನ್ಸಿಗೂ ಅದೇ ಸರ್ಟಿಫಿಕೇಟು."

ಶೈಲಾ ಕುರ್ಚಿಯಿಂದ ಕಾಲು ಕೆಳಗಿಳಿಸಿದಳು. "ಮಾವ ಹುಟ್ಟಿದ್ದು ಯಾವಾಗ ಅಂತ ನನಗೆ ಗೊತ್ತು" ಅಂದಳು.

ನಾಗ ಬಾಯಿ ತೆರೆದ. ಅವನಿಗೇ ಗೊತ್ತಿರಲಿಲ್ಲ.

"ಅಜ್ಜಿಯನ್ನು ಕೇಳಿದೆ. ರಾತ್ರಿ ನನಗೆ ನಿದ್ದೆ ಬರಲ್ಲ, ಅಜ್ಜಿಗೂ ಬರಲ್ಲ, ಮಾತಾಡುತ್ತಾ ಕೂತಿರುತ್ತೇವೆ. ಹೊಲದಲ್ಲಿ ಶೇಂಗಾ ಕೀಳುತ್ತಿದ್ದರಂತೆ. ಹುಣ್ಣಿಮೆಗೆ ಭೂಮಿ ತಾಯಿಗೆ ಚರಗ ಚೆಲ್ಲಿ ಬಂದು ಮೂರನೇ ದಿನಕ್ಕೆ ನೋವು ಬಂತಂತೆ. ಸೀಗೆ ಹುಣ್ಣಿಮೆ. ಅಂದರೆ ಅಕ್ಟೋಬರ್ ಕೊನೆ."

ಮಾಳಿಗೆ ಮೇಲೆ ಗಲಾಟೆ ಎದ್ದಿತು. ಮಲ್ಲ ಚಪ್ಪಾಳೆ ಹೊಡೆದ. ಮೇಷ್ಟ್ರು ಲೆಕ್ಕಕ್ಕಿಳಿದರು. ಅರವತ್ತರ ಶಾಂತಿ ಮಾಡುವುದೇ ಹುಟ್ಟಿದ ಸಂವತ್ಸರ ಅರವತ್ತು ವರ್ಷಕ್ಕೆ ತಿರುಗಿ ಬಂತು ಅಂತ. 1966ರ ಅಕ್ಟೋಬರ್ ಅಂದರೂ ಪರಾಭವ ಸಂವತ್ಸರವೇ, ಈ ಯುಗಾದಿಗೆ ಬರುವುದೂ ಅದೇ, ಅದು ಮುಂದಿನ ಯುಗಾದಿವರೆಗೂ ಇರುತ್ತದೆ. ಸೀಗೆ ಹುಣ್ಣಿಮೆ ಆದಮೇಲೆ ಶಾಂತಿ ಇಟ್ಟುಕೊಂಡರೆ ಶಾಸ್ತ್ರಕ್ಕೂ ಸರಿ, ಬಿಸಿಲೂ ಇರಲ್ಲ, ಬಾಣಂತನ ಮುಗಿದಿರುತ್ತದೆ, ಕೂಸು ಅಜ್ಜನ ತೊಡೆ ಮೇಲೆ ಕೂತು ಹೋಮದ ಹೊಗೆಗೆ ಅಳುತ್ತಿರುತ್ತದೆ. ಕುಬಸ ಈ ತಿಂಗಳೇ ಮುಗಿಸಿ, ಮನೆ ಮಟ್ಟಿಗೆ. ಮೇ 31 ಭಾನುವಾರ, ಆಫೀಸಿನವರು ಶನಿವಾರವೇ ಹಾರ, ಶಾಲು, ಪೇಟ ಹಾಕಿ ಬೀಳ್ಕೊಡುತ್ತಾರೆ, ಅದಕ್ಕೆ ಸೊಸೆ ಬೇಕಾಗಿಲ್ಲ.

"ಭಾವನಿಗೆ ಯಾರು ಹೇಳೋದು? ಮಂಟಪಕ್ಕೆ ಅಡ್ವಾನ್ಸ್ ಕೊಟ್ಟಿದ್ದಾನೆ" ಅಂದ ನಾಗ.

"ಅವರ ಮಗನ ಜವಳ ಅಲ್ಲೇ ಮಾಡಲಿ" ಅಂದಳು ಶೈಲಾ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೆಮ್ಮು ಕೇಳಿಸಿತು. ನಾಗನ ಅಪ್ಪ. ನೀರಿನ ಟ್ಯಾಂಕ್ ನೋಡಲು ಬಂದವರು ಎಷ್ಟು ಹೊತ್ತಿನಿಂದ ನಿಂತಿದ್ದರೋ, ಮುಖ ಮಾತ್ರ ಗಂಭೀರ ಇತ್ತು. ಸೊಸೆಯ ಮೇಲೆ ಸಿಟ್ಟಾದರೇನೋ ಅಂತ ನಾವೆಲ್ಲ ಮಂಡಕ್ಕಿ ಕಡೆ ತಲೆ ಬಗ್ಗಿಸಿದೆವು.

"ಮೇಷ್ಟ್ರೇ" ಅಂದರು. "ಅಕ್ಟೋಬರ್ ಅಂದರೆ, ನಾನು ಇನ್ನೂ ಐದು ತಿಂಗಳು ಡ್ಯೂಟಿ ಮಾಡಬಹುದಿತ್ತಲ್ಲ?"

ಮೇಷ್ಟ್ರು ತಡವರಿಸಿದರು. "ಹೌದು ಸಾರ್, ಆದರೆ ಅದನ್ನೆಲ್ಲ ಕೆಲಸಕ್ಕೆ ಸೇರಿದ ಹೊಸದರಲ್ಲೇ ತಿದ್ದಿಸಬೇಕಿತ್ತು, ಈಗ..."

"ಐದು ತಿಂಗಳ ಸಂಬಳ! ಅದೂ ಕೊನೇ ಸಂಬಳ, ಡಿಎ ಎಲ್ಲಾ ಸೇರಿಸಿ!" ಅಂತ ಅವರು ಟ್ಯಾಂಕ್ ಮರೆತು ದಡದಡ ಮೆಟ್ಟಿಲಿಳಿದರು. ಕೆಳಗಿನಿಂದ ಅವರ ಧ್ವನಿ ಬಂತು. "ಅವ್ವಾ, ಅರವತ್ತು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದೀಯಲ್ಲ, ಶೇಂಗಾ ವಿಷಯ ಮೊದಲೇ ಹೇಳೋಕೆ ಏನಾಗಿತ್ತು?"

ಅಜ್ಜಿಗೆ ಕಿವಿ ಮಂದ, ಹಾಗಾಗಿ ಉತ್ತರ ಇಡೀ ಬೀದಿಗೆ ಕೇಳಿಸಿತು. "ಶೇಂಗಾನಾ? ಡಬ್ಬಿಯಾಗೈತಿ, ತಗಂಡು ತಿನ್ನು!"