ಅಪ್‌ಡೇಟ್: ಹೊಸ ಕಾರಿಗೆ ವ್ಯಾಕ್ಸಾ, ಸೀಲಂಟಾ, ಪಿಪಿಎಫ್ಫಾ ಅಂತ ಕೇಳಿದ್ದೆನಲ್ಲ
ಎರಡು ತಿಂಗಳ ಹಿಂದೆ ಕೇಳಿದ್ದೆ, ಪುಣೆ ಕೋಥ್ರೂಡ್‌ನಲ್ಲಿದೀನಿ, ಕಪ್ಪು ಬಣ್ಣದ ಹೊಸ ಗಾಡಿ, ಮರದ ಕೆಳಗೆ ಓಪನ್ ಪಾರ್ಕಿಂಗ್, ಪೇಂಟ್ ಹಾಳಾಗದ ಹಾಗೆ ಏನ್ ಹಾಕ್ಸಲಿ ಅಂತ. ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್.

ಪೂರ್ತಿ ಗಾಡಿಗೆ ಪಿಪಿಎಫ್, ಅಂದ್ರೆ ಪೇಂಟ್ ಕಾಪಾಡೋಕೆ ಮೇಲೆ ಅಂಟಿಸೋ ಪಾರದರ್ಶಕ ಫಿಲ್ಮ್, ಹಾಕ್ಸೋಕೆ ಬಜೆಟ್ ಇರ್ಲಿಲ್ಲ, ಅದಕ್ಕೆ ಬಾನೆಟ್, ಮುಂದಿನ ಬಂಪರ್, ಮಿರರ್ ಇಷ್ಟಕ್ಕೆ ಮಾತ್ರ ಪಿಪಿಎಫ್ ಹಾಕ್ಸಿ ಉಳಿದ ಭಾಗಕ್ಕೆ ನಾನೇ ಸೀಲಂಟ್ (ವ್ಯಾಕ್ಸ್ ಥರಾನೇ ಹಚ್ಚೋ ಸಿಂಥೆಟಿಕ್ ಲೇಪ) ಹಚ್ಚಿದೆ. ಊರು ಹುಬ್ಬಳ್ಳಿ, ತಿಂಗಳಿಗೊಂದ್ಸಲ ಹೋಗೇ ಹೋಗ್ತೀನಿ, ಖಂಬಾಟ್ಕಿ ಘಾಟ್ ದಾಟಿ ಸಾತಾರ ಕಡೆ ಲಾರಿ ಹಿಂದೆ ಸಿಕ್ಕಾಕೊಂಡ್ರೆ ಸಣ್ಣ ಕಲ್ಲು ಸಿಡೀತಾನೇ ಇರುತ್ತೆ, ಅದನ್ನ ವ್ಯಾಕ್ಸೂ ತಡೆಯಲ್ಲ ಸೆರಾಮಿಕ್ ಕೋಟಿಂಗೂ ತಡೆಯಲ್ಲ, ಅವೆಲ್ಲ ತೀರಾ ತೆಳು ಪದರ, ಫಿಲ್ಮ್ ಸುಮಾರು 150ರಿಂದ 200 ಮೈಕ್ರಾನ್ ದಪ್ಪ ಇರೋದ್ರಿಂದ ಪೆಟ್ಟು ತಾನು ತಗೊಳ್ಳುತ್ತೆ.

ಒಂದು ವಿಷಯ ದಯವಿಟ್ಟು ನೋಡ್ಕೊಳ್ಳಿ. ಮೊದಲು ಹೋದ ಅಂಗಡಿಯಲ್ಲಿ ಪಿಪಿಎಫ್ ಅಂತ ಹೇಳಿ ಪಿವಿಸಿ ಫಿಲ್ಮ್ ತೋರ್ಸಿದ್ರು, ಅದು ಬಿಸಿಲಿಗೆ ಬೇಗ ಹಳದಿ ಆಗುತ್ತೆ. ಟಿಪಿಯು (ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್, ರಬ್ಬರಿನ ಥರ ಹಿಗ್ಗೋ ಪ್ಲಾಸ್ಟಿಕ್) ಅಂತಾನೇ ಕೇಳಿ, ಬಿಲ್‌ನಲ್ಲೂ ಬರೆಸ್ಕೊಳ್ಳಿ. ಸಣ್ಣ ಗೀರು ಬಿಸಿಲಿನ ಕಾವಿಗೆ ತಾನೇ ಮಾಯೋದು ಟಿಪಿಯುನಲ್ಲೇ.

ಸೀಲಂಟ್‌ಗೆ ಮುಂಚೆ ಕ್ಲೇ ಬಾರ್ (ಪೇಂಟ್‌ಗೆ ಅಂಟಿರೋ ಸಣ್ಣ ಕಣಗಳನ್ನ ಎತ್ತೋ ಜೇಡಿಯಂಥ ಮುದ್ದೆ) ಉಜ್ಜಿದೆ, ಹೊಸ ಗಾಡಿ ಆದ್ರೂ ಕೈಗೆ ತರಿತರಿ ಸಿಗ್ತಿತ್ತು, ಆಮೇಲೆ ಗಾಜಿನ ಥರ ನುಣುಪು! ಹಕ್ಕಿ ಹಿಕ್ಕೆ ಮಾತ್ರ ಈಗ್ಲೂ ಅವತ್ತೇ ತೆಗೀತೀನಿ, ಒದ್ದೆ ಮೈಕ್ರೋಫೈಬರ್ ಬಟ್ಟೆ ಐದು ನಿಮಿಷ ಮೇಲಿಟ್ಟು ನೆನೆಸಿ ಎತ್ತೋದು, ಒಣಗಿದ್ದನ್ನ ಉಜ್ಜಲ್ಲ. ಮಳೆಗಾಲಕ್ಕೆ ಮುಂಚೆ ಇನ್ನೊಂದು ಕೋಟ್ ಸೀಲಂಟ್ ಹಚ್ತೀನಿ.