‘ಅಪ್‌ಡೇಟ್’ ಬೇರೆ, ‘ಅಪ್‌ಗ್ರೇಡ್’ ಬೇರೆ: ಭಾನುವಾರದೊಳಗೆ ಪದ ಬೇಕು

ಪಾಂಡವಪುರದ ಹತ್ತಿರ ನಮ್ಮೂರ ವಾಚನಾಲಯದಲ್ಲಿ ನಾಲ್ಕು ಹಳೇ ಕಂಪ್ಯೂಟರ್ ಇವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ನಾಲ್ಕಕ್ಕೂ ಅದರ ಬದಲು ಉಬುಂಟು ಅನ್ನೋ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿದೆವು. ಈ ಭಾನುವಾರ ಹೊಸಬರಿಗೆ ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಕಳಿಸೋ ಯಂತ್ರಭಾಗವನ್ನು ನಡೆಸೋ ತಂತ್ರಾಂಶ) ಮತ್ತು ಡಿಸ್‌ಪ್ಲೇ ತಂತ್ರಾಂಶ ಅಪ್‌ಗ್ರೇಡ್ ಮಾಡೋದು ಹೇಳಿಕೊಡಬೇಕು. ಗೋಡೆಗೆ ಅಂಟಿಸೋಕೆ ಒಂದು ಹಾಳೆ ಬರೆಯುತ್ತಿದ್ದೇನೆ.

ತೊಡಕು ಇದು. ಉಬುಂಟುವಿನಲ್ಲಿ ತಂತ್ರಾಂಶ ಹಾಕೋದಕ್ಕೆ ಟೈಪ್ ಮಾಡೋ ಆಜ್ಞೆ ‘ಆಪ್ಟ್’. ‘ಆಪ್ಟ್ ಅಪ್‌ಡೇಟ್’ ಕೊಟ್ಟರೆ ಹೊಸದು ಏನೇನು ಬಂದಿದೆ ಅನ್ನೋ ಪಟ್ಟಿ ಬರುತ್ತೆ, ಅಷ್ಟೇ. ಹೊಸ ಆವೃತ್ತಿಯನ್ನು ನಿಜಕ್ಕೂ ಹಾಕೋದು ‘ಆಪ್ಟ್ ಅಪ್‌ಗ್ರೇಡ್’. ಕಳೆದ ಸಲ ಎರಡಕ್ಕೂ ‘ನವೀಕರಣ’ ಅಂತಲೇ ಬರೆದಿದ್ದೆ. ಒಬ್ಬಳು ಹುಡುಗಿ ಮೊದಲನೆಯದನ್ನು ಕೊಟ್ಟು, ‘ನವೀಕರಣ ಆಯ್ತು ಸಾರ್’ ಅಂತ ಎದ್ದು ಹೋದಳು. ಡ್ರೈವರ್ ಹಳೆಯದೇ ಉಳಿಯಿತು. ತಪ್ಪು ಅವಳದಲ್ಲ, ನನ್ನ ಪದದ್ದು. ಎರಡಕ್ಕೂ ಬೇರೆ ಬೇರೆ ಪದ ಕೊಡಿ. ‘ಡಿಸ್‌ಪ್ಲೇ ಸರ್ವರ್’ಗೂ (ಪರದೆಯ ಮೇಲಿನ ಕಿಟಕಿಗಳನ್ನು ನೋಡಿಕೊಳ್ಳೋ ತಂತ್ರಾಂಶ) ಒಂದು ಬೇಕು, ನಾನು ‘ಪರದೆ ಸೇವಕ’ ಅಂತ ಗೀಚಿಕೊಂಡಿದ್ದೇನೆ, ಮನಸ್ಸು ಒಪ್ಪುತ್ತಿಲ್ಲ.

— ಪಾಂಡವಪುರ

‘ಪರದೆ’ ಪಾರಸಿ. ಕನ್ನಡದಲ್ಲಿ ‘ತೆರೆ’ ಇದೆ, ಬೆಳ್ಳಿತೆರೆ ಅಂತ ಇಡೀ ನಾಡು ಹೇಳುತ್ತೆ. ಅದನ್ನೇ ಬರೆಯಿರಿ.

— ಸರಸ್ವತಿಪುರಂ

ಆಗೋದಿಲ್ಲ. ಕಂಪ್ಯೂಟರಿನಲ್ಲಿ ‘ತೆರೆ’ ಅಂದರೆ ಕಡತ ಓಪನ್ ಮಾಡು ಅಂತ. ‘ತೆರೆ ಆಯ್ಕೆಗಳನ್ನು ತೆರೆ’ ಅಂತ ಬರೆದರೆ ಹೊಸಬರು ಏನು ಮಾಡಬೇಕು?

— ಮಂಡ್ಯ

ಗೊಂದಲ ಪದದ್ದಲ್ಲ, ಕಳೆದುಕೊಂಡ ಅಕ್ಷರದ್ದು. ಹಳಗನ್ನಡದಲ್ಲಿ ಬಾಗಿಲು ತೆಗೆಯೋದು ‘ತೆಱೆ’, ಅಲ್ಲಿರೋದು ಱ, ಶಕಟರೇಫ ಅನ್ನೋ ಹಳೇ ಅಕ್ಷರ. ಅಲೆಗೂ ಪರದೆಗೂ ‘ತೆರೆ’. ನಾವು ಱ ಅನ್ನು ರಕಾರದಲ್ಲಿ ಕರಗಿಸಿಬಿಟ್ಟೆವು. ತಮಿಳಿನವರು ಇವತ್ತಿಗೂ ಎರಡನ್ನೂ ಬೇರೆ ಅಕ್ಷರದಲ್ಲೇ ಬರೆಯುತ್ತಾರೆ. ಒಂದು ಅಕ್ಷರ ಹೋಯಿತು ಅಂತ ಪದವನ್ನೂ ಬಿಟ್ಟುಕೊಡೋದು ನನಗೆ ಸರಿ ಕಾಣುವುದಿಲ್ಲ.

— ಸರಸ್ವತಿಪುರಂ

ಅವರಿಗೆ ಭಾನುವಾರಕ್ಕೆ ಹಾಳೆ ಬೇಕು, ಶಕಟರೇಫ ಅಲ್ಲ. ಅಪ್‌ಗ್ರೇಡಿಗೆ ‘ಮೇಲ್ದರ್ಜೆಗೇರಿಸು’ ಇದ್ದೇ ಇದೆ. ತಾಲ್ಲೂಕು ಆಸ್ಪತ್ರೆ ಮೇಲ್ದರ್ಜೆಗೇರಿತು ಅಂತ ಪೇಪರಿನಲ್ಲಿ ದಿನಾ ಓದುತ್ತೇವೆ.

— ಕುವೆಂಪುನಗರ

‘ಮೇಲು’ ಕನ್ನಡ, ‘ದರ್ಜೆ’ ಅರಬ್ಬಿ. ಹೊಂದದ ಪದಗಳನ್ನು ಬೆಸೆದ ಅರಿಸಮಾಸ. ಗೋಡೆಗೆ ಅಂಟಿಸೋ ಪದವಲ್ಲ.

— ಸರಸ್ವತಿಪುರಂ

ವ್ಯಾಕರಣಕಾರ ಕೇಶಿರಾಜ ಅರಿಸಮಾಸ ಅಂದದ್ದು ಸಂಸ್ಕೃತ, ಕನ್ನಡ ಪದಗಳನ್ನು ಬೆಸೆಯೋದಕ್ಕೆ. ಅದರಲ್ಲೂ ಬಿರುದುಗಳಿಗೆ, ಹಿಂದಿನ ಕವಿಗಳ ಪ್ರಯೋಗಕ್ಕೆ ವಿನಾಯಿತಿ ಕೊಟ್ಟ. 13ನೇ ಶತಮಾನದ ಅವನಷ್ಟು ಉದಾರತೆಯೂ ನಮಗೆ ಬೇಡವೇ? ಅರ್ಜಿ, ಜಮೀನು ಅನ್ನೋ ಹೊರಗಿಂದ ಬಂದ ಪದಗಳನ್ನು ಬಿಟ್ಟು ತಾಲ್ಲೂಕು ಕಚೇರಿಯಲ್ಲಿ ಒಂದು ಕೆಲಸ ಆಗೋದಿಲ್ಲ. ‘ರೈತ’ ಕೂಡ ಹೊರಗಿಂದ ಬಂದದ್ದೇ, ಅರಬ್ಬಿ ಮೂಲದ್ದು. ಮಂಡ್ಯದಲ್ಲಿ ಆ ಪದವನ್ನು ಯಾರೂ ಹೊರಗಿನದು ಅನ್ನೋದಿಲ್ಲ, ಅದು ನಮ್ಮದು.

ಆದರೂ ‘ಮೇಲ್ದರ್ಜೆ’ ಬೇಡ ಅಂತಲೇ ನನ್ನ ಮಾತು. ಕಾರಣ ಬೇರೆ. ಆಸ್ಪತ್ರೆ ಮೇಲ್ದರ್ಜೆಗೇರಿದರೆ ಹಾಸಿಗೆ ಹೆಚ್ಚುತ್ತೆ, ಡಾಕ್ಟರು ಹೆಚ್ಚುತ್ತಾರೆ. ಡ್ರೈವರ್ ಆವೃತ್ತಿ 1ರಿಂದ 2ಕ್ಕೆ ಹೋದರೆ ಹಳೆಯದು ಹೋಗಿ ಅದರ ಜಾಗದಲ್ಲಿ ಹೊಸದು ಕೂರುತ್ತೆ. ಆ ಪದ ಕೇಳಿದವರು ಮಾನಿಟರ್ ದೊಡ್ಡದಾಗುತ್ತೆ ಅಂದುಕೊಂಡಾರು.

— ಮಂಡ್ಯ

ಡಿಸ್‌ಪ್ಲೇ ಸರ್ವರ್ ಬಗ್ಗೆ ಒಂದು ಮಾತು. ಯಾವ ಕಿಟಕಿಗೆ ಪರದೆಯಲ್ಲಿ ಎಷ್ಟು ಜಾಗ, ಕೀಲಿಮಣೆಯಲ್ಲಿ ಒತ್ತಿದ್ದು ಯಾವ ಕಿಟಕಿಗೆ ಹೋಗಬೇಕು, ಇದನ್ನು ನೋಡಿಕೊಳ್ಳೋದು ಅದು. ನಮ್ಮ ಕಡೆ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ನೀರು ಅಂತ ನೋಡಿಕೊಳ್ಳುತ್ತಿದ್ದವನು ನೀರಗಂಟಿ. ಹಳೇ ನೀರಗಂಟಿ ಎಕ್ಸ್11, 1987ರಿಂದ ಇದ್ದಾನೆ. ಹೊಸಬ ವೇಲ್ಯಾಂಡ್, 2008ರಲ್ಲಿ ಶುರುವಾದದ್ದು. ಹೀಗೆ ಹೇಳಿದರೆ ನಾಲೆ ಕಂಡ ಮಕ್ಕಳಿಗೆ ಒಂದೇ ಸಲಕ್ಕೆ ಹತ್ತುತ್ತೆ.

— ಮದ್ದೂರು

ಬಾಯಲ್ಲಿ ಹೇಳೋದಕ್ಕೆ ಬಹಳ ಚೆನ್ನಾಗಿದೆ. ಹಾಳೆಯಲ್ಲಿ ಬೇಡ. ನಾಳೆ ಅವರು ಬೇರೆ ಕಡೆ ಹುಡುಕುವಾಗ ‘ನೀರಗಂಟಿ’ ಅಂತ ಟೈಪ್ ಮಾಡಿದರೆ ಏನೂ ಸಿಗೋದಿಲ್ಲ. ಡ್ರೈವರ್, ಡಿಸ್‌ಪ್ಲೇ ಸರ್ವರ್ ಹಾಗೇ ಇರಲಿ.

— ಕುವೆಂಪುನಗರ

ಎಲ್ಲರಿಗೂ ವಂದನೆ. ನಿನ್ನೆ ಆ ಹುಡುಗಿಯನ್ನೇ ಕೂರಿಸಿಕೊಂಡು, ಎರಡನ್ನೂ ಮಾಡಿ ತೋರಿಸಿ, ನೀನಾದರೆ ಏನನ್ನುತ್ತೀಯ ಅಂತ ಕೇಳಿದೆ. ಮೊದಲನೆಯದಕ್ಕೆ ‘ಪಟ್ಟಿ ತರ್ಸೋದು’, ಎರಡನೆಯದಕ್ಕೆ ‘ಹೊಸದು ಹಾಕೋದು’ ಅಂದಳು. ಇಷ್ಟು ಹೊತ್ತು ನಾವು ಹುಡುಕುತ್ತಿದ್ದದ್ದು ಅದೇ. ಹಾಳೆ ಹೀಗೆ:

‘ಮೊದಲು ಪಟ್ಟಿ ತರಿಸಿ: ಅಪ್‌ಡೇಟ್. ಪಟ್ಟಿ ಬಂದ ಮೇಲೆ ಹೊಸದು ಹಾಕಿ: ಅಪ್‌ಗ್ರೇಡ್. ನಡುವೆ ಕರೆಂಟ್ ಸ್ವಿಚ್ ಮುಟ್ಟಬೇಡಿ. ಮುಗಿದ ಮೇಲೆ ಕಂಪ್ಯೂಟರ್ ಆರಿಸಿ ಮತ್ತೆ ಹೊತ್ತಿಸಿ. ಪರದೆ ಕಪ್ಪಾಗಿಯೇ ನಿಂತರೆ ಹೆದರಬೇಡಿ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ನೋಡಿ. ಬರೀ ಅಕ್ಷರಗಳ ಪರದೆ ಬಂದರೆ ಕಂಪ್ಯೂಟರ್ ಜೀವಂತ ಇದೆ, ತೊಂದರೆ ಬಹುಶಃ ಡ್ರೈವರಿನದು. ನನ್ನನ್ನು ಕರೆಯಿರಿ.’

— ಪಾಂಡವಪುರ

‘ಪಟ್ಟಿ ತರಿಸು’, ‘ಹೊಸದು ಹಾಕು’ ಎರಡಕ್ಕೂ ನನ್ನ ಪೂರ್ಣ ಒಪ್ಪಿಗೆ. ‘ಪರದೆ’ಗೆ ಇಲ್ಲ.

— ಸರಸ್ವತಿಪುರಂ